ಅರಮನೆ ರಸ್ತೆಯ ಆ ದೊಡ್ಡ ಮನೆ ನಮ್ಮ ಮಕ್ಕಳದ್ದೂ ಹೌದು: ಬೆಂಗಳೂರಿನ ಟೀಚರ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಈ ಊರಿನ ಎಲ್ಲಾ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ, ಭಾನುವಾರ ಬಂದ್ರೆ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದಪ್ಪಾ ಅಂತ ಯೋಚನೆ ಮಾಡೋ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ನಾನು ಬೆಂಗಳೂರಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ. ಚಿತ್ರಕಲೆ ಓದಿದೋಳಲ್ಲ, ಕಲಾವಿದರ ಮನೆತನದೋಳೂ ಅಲ್ಲ, ನಮ್ಮಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿ ಕೆಲಸ ಮಾಡಿ ರಿಟೈರ್ ಆದೋರು, ನಮ್ಮ ಮನೆ ಗೋಡೆ ಮೇಲೆ ಇದ್ದಿದ್ದು ಒಂದು ಕ್ಯಾಲೆಂಡರ್ರು, ಒಂದು ಗಡಿಯಾರ, ಎರಡು ದೇವರ ಫೋಟೋ ಅಷ್ಟೇ. ಆದ್ರೂ ಇದನ್ನ ನಾನೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ನನ್ನಂಥೋರು ಬರೀದೇ ಇದ್ರೆ ಆ ಜಾಗ ನಮ್ಮಂಥೋರಿಗಲ್ಲ ಅನ್ನೋ ಭಾವನೆ ಹಂಗೇ ಉಳ್ಕೊಂಡುಬಿಡತ್ತೆ.

ನಾನು ಹೇಳ್ತಿರೋದು ಅರಮನೆ ರಸ್ತೆಲಿರೋ ಮಾಣಿಕ್ಯವೇಲು ಮ್ಯಾನ್ಷನ್ ಬಗ್ಗೆ. ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್, ಎನ್‌ಜಿಎಂಎ ಅಂತ ಕರೀತಾರಲ್ಲ, ಅದು. ಮೌಂಟ್ ಕಾರ್ಮೆಲ್ ಕಾಲೇಜಿನ ಹತ್ರಾನೇ ಇದೆ. ಬಸ್ಸಲ್ಲಿ ಆ ರಸ್ತೆಲಿ ಓಡಾಡಿರೋರು ನೂರು ಸಲ ನೋಡಿರ್ತೀರಿ, ಗೇಟು, ಒಳಗೆ ಭಾರಿ ಮರಗಳು, ಮರಗಳ ಹಿಂದೆ ಬೆಳ್ಳಗೆ ಒಂದು ಹಳೇ ಬಂಗಲೆ. ನಾನೂ ಎಂಟು ವರ್ಷ ಹಂಗೇ ನೋಡಿದ್ದೆ, ಯಾವುದೋ ಮಂತ್ರಿ ಮನೆ ಇರಬೇಕು, ಇಲ್ಲಾ ಯಾವುದೋ ದೊಡ್ಡ ಆಫೀಸು ಅಂದ್ಕೊಂಡಿದ್ದೆ. ಅದು ಸಾರ್ವಜನಿಕರ ಜಾಗ, ಯಾರು ಬೇಕಾದ್ರೂ ಟಿಕೆಟ್ ತಗೊಂಡು ಒಳಗೆ ಹೋಗಬಹುದು ಅಂತ ಗೊತ್ತಾದಾಗ ನನಗೆ ಆಗಿದ್ದು ಖುಷಿ ಅಲ್ಲ, ಹೊಟ್ಟೆ ಉರಿ, ಎಂಟು ವರ್ಷ ಸುಮ್ನೆ ಹೋಯ್ತಲ್ಲಾ ಅಂತ.

ಪ್ರತಿವರ್ಷ ಜನವರಿಲಿ ಕುಮಾರಕೃಪ ರಸ್ತೆಲಿ ಚಿತ್ರಸಂತೆ ಆಗತ್ತಲ್ಲ, ಅದನ್ನ ನೋಡಿ. ಚಿತ್ರಕಲಾ ಪರಿಷತ್ತಿನೋರು ಒಂದು ದಿನ ರಸ್ತೆ ಬಂದ್ ಮಾಡಿಸಿ ನಡೆಸ್ತಾರೆ, ಲಕ್ಷಗಟ್ಟಲೆ ಜನ ಬರ್ತಾರೆ, ಸ್ಟ್ರಾಲರ್‌ಲಿ ಕೂಸು ಕೂರಿಸ್ಕೊಂಡು, ಅಜ್ಜಿ ಕೈ ಹಿಡ್ಕೊಂಡು, ಕಡ್ಲೆಕಾಯಿ ತಿನ್ಕೊಂಡು ಬೆಳಗ್ಗಿಂದ ಸಂಜೆ ತನಕ ಚಿತ್ರ ನೋಡ್ತಾರೆ, ಬೆಲೆ ಕೇಳ್ತಾರೆ, ತಮ್ಮ ಮುಖ ಬರೆಸ್ಕೋತಾರೆ. ಹಂಗಾಗಿ ಬೆಂಗಳೂರಿನ ಜನಕ್ಕೆ ಚಿತ್ರ ಬೇಡ ಅನ್ನೋ ಮಾತನ್ನ ನಾನು ಒಪ್ಪಲ್ಲ, ಚಿತ್ರ ಬೇಕು, ಗೇಟು ಬೇಡ. ರಸ್ತೆಲಿ ಇದ್ದಾಗ ಯಾರ ಅಪ್ಪಣೇನೂ ಬೇಕಾಗಲ್ಲ. ಅದೇ ಜನ ಅಲ್ಲಿಂದ ಒಂದೆರಡು ಕಿಲೋಮೀಟರ್ ಆಚೆ ಇರೋ ಈ ಮನೆ ಮುಂದೆ ಬಂದ್ರೆ ನಿಂತುಬಿಡ್ತಾರೆ. ಸೆಕ್ಯೂರಿಟಿ ಇದಾನೆ, ಬ್ಯಾಗ್ ಇಡಬೇಕು, ಒಳಗೆ ಎಲ್ಲಾ ಇಂಗ್ಲಿಷ್ ಮಾತಾಡೋರು ಇರ್ತಾರೆ, ನಾವು ಏನಾದ್ರೂ ತಪ್ಪು ಮಾಡಿದ್ರೆ ಅನ್ನೋ ಅಂಜಿಕೆ. ಈ ಅಂಜಿಕೆ ನನಗೆ ಚೆನ್ನಾಗಿ ಗೊತ್ತು, ನಾನೂ ಮೊದಲ ಸಲ ಹೋದಾಗ ಚಪ್ಪಲಿ ಬಿಡಬೇಕಾ ಅಂತ ಕೇಳಿದ್ದೆ.

ಈಗ ಆ ಮನೆ ಕಥೆ ಹೇಳ್ತೀನಿ, ಮಕ್ಕಳಿಗೆ ಹೇಳೋಕೆ ಉಪಯೋಗ ಆಗತ್ತೆ. ಮಾಣಿಕ್ಯವೇಲು ಮೊದಲಿಯಾರ್ ಅನ್ನೋರು ಸಾಧಾರಣ ಕುಟುಂಬದಿಂದ ಬಂದೋರು, ಮೈಸೂರು ಸೀಮೆಲಿ ಮ್ಯಾಂಗನೀಸ್, ಕ್ರೋಮ್ ಗಣಿಗಳನ್ನ ಗುತ್ತಿಗೆ ಹಿಡಿದು ದೊಡ್ಡ ಸಾಹುಕಾರರಾದ್ರು. ಈ ಬಂಗಲೆ ಅವರು ಕಟ್ಟಿಸಿದ್ದಲ್ಲ, ಮೈಸೂರಿನ ಯುವರಾಜರ ಕಡೆಯಿಂದ ಕೊಂಡಿದ್ದು. ಆಮೇಲೆ ಕಾಲ ತಿರುಗಿ 1960ರ ದಶಕದಲ್ಲಿ ಮನೆ ಸಿಐಟಿಬಿ ಕೈಗೆ ಹೋಯ್ತು, ಈಗಿನ ಬಿಡಿಎ ಇದೆಯಲ್ಲ ಅದರ ಹಳೇ ಹೆಸರು ಅದು, ಅಲ್ಲಿಂದ ಎಚ್‌ಎಂಟಿಗೆ ಬಂತು. 2000ದಲ್ಲಿ ಕೇಂದ್ರದ ಸಂಸ್ಕೃತಿ ಇಲಾಖೆಗೆ ಲೀಸ್ ಮೇಲೆ ಕೊಟ್ರು. ಹಳೇ ಮನೇನ ರಿಪೇರಿ ಮಾಡಿ, ಹಿಂದುಗಡೆ ಹೊಸ ಗ್ಯಾಲರಿ ಬ್ಲಾಕ್ ಕಟ್ಟಿ 2009ರ ಫೆಬ್ರವರಿ 18ಕ್ಕೆ ಬಾಗಿಲು ತೆಗೆದ್ರು. ಒಟ್ಟು ಮೂರೂವರೆ ಎಕರೆ ಜಾಗ, ಊರ ಮಧ್ಯೆ ಅಷ್ಟು ಜಾಗ ಒಂದು ಅಪಾರ್ಟ್‌ಮೆಂಟೋ ಮಾಲೋ ಆಗದೇ ಉಳ್ಕೊಂಡಿದೆ ಅನ್ನೋದನ್ನ ಒಂದು ನಿಮಿಷ ಯೋಚನೆ ಮಾಡಿ. ಆರ್ಕಿಟೆಕ್ಟ್ ನರೇಶ್ ನರಸಿಂಹನ್ ಅಂತ, ಬೆಂಗಳೂರಿನೋರೇ. ಅವರು ಹಳೇದನ್ನ ಮುಂದೆ ಬಿಟ್ಟು ಹೊಸದನ್ನ ಅದರ ಹಿಂದೆ ಇಟ್ಟಿದ್ದು ನನಗೆ ಬಹಳ ಇಷ್ಟ, ಮನೆಗೆ ಹೋದ್ರೆ ಮೊದಲು ಮನೆ ಹಿರಿಯರನ್ನ ಮಾತಾಡಿಸಿ ಆಮೇಲೆ ಒಳಗೆ ಹೋಗ್ತೀವಲ್ಲ ಹಂಗೆ.

ಎಚ್‌ಎಂಟಿ ಅಂದೆನಲ್ಲ, ಅದೇ ಕಾರಣಕ್ಕೆ ನಮ್ಮಪ್ಪ ಬಂದಿದ್ದು. ಎಷ್ಟು ಸಲ ಕರೆದ್ರೂ "ನಂಗೇನ್ ತಿಳಿಯತ್ತಮ್ಮಾ ಅದೆಲ್ಲಾ, ನೀನ್ ಹೋಗ್ಬಾ" ಅಂತಿದ್ರು. ಒಂದಿನ ಮಾತಿಗೆ ಮಾತು ಬಂದು, ಅಪ್ಪಾ ಆ ಮನೆ ಒಂದು ಕಾಲದಲ್ಲಿ ನಿಮ್ಮ ಕಂಪನೀದೇ ಆಗಿತ್ತು ಗೊತ್ತಾ ಅಂದೆ. ಮುಖ ಎತ್ತಿ ನೋಡಿದ್ರು. "ನಮ್ಮ ಎಚ್‌ಎಂಟೀದಾ?" ಮಾರನೇ ವಾರ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು, ಕೈಗೆ ಅವರ ಜನತಾ ವಾಚ್ ಕಟ್ಕೊಂಡು ರೆಡಿ. ಕಂಪನಿ ವಾಚ್ ವ್ಯವಹಾರ ಮುಚ್ಚೋದು ಅಂತ 2016ರಲ್ಲಿ ತೀರ್ಮಾನ ಆದಾಗ ಅವರು ಎರಡು ದಿನ ಸರಿಯಾಗಿ ಊಟ ಮಾಡಿರ್ಲಿಲ್ಲ, ಆ ಹೆಸರು ಅಂದ್ರೆ ಅವರಿಗೆ ಹಂಗೆ.

ಒಳಗೆ ಹೋಗಿ ಬಣ್ಣದ ಚಿತ್ರಗಳನ್ನೆಲ್ಲಾ ಸುಮ್ನೆ ನೋಡ್ಕೊಂಡು ಬಂದ್ರು, ಏನೂ ಮಾತಾಡ್ಲಿಲ್ಲ. ನಾನು ಬೇಜಾರಾಗ್ತಿದೆ ಪಾಪ ಅಂದ್ಕೊಂಡೆ. ಆಮೇಲೆ ಒಂದು ಕಂಚಿನ ಶಿಲ್ಪದ ಮುಂದೆ ನಿಂತೋರು ಅಲ್ಲಾಡ್ಲೇ ಇಲ್ಲ. ಬಗ್ಗಿ ಕೆಳಗಿಂದ ನೋಡಿದ್ರು, ಪಕ್ಕದಿಂದ ನೋಡಿದ್ರು, ಕೈ ಹಿಂದೆ ಕಟ್ಕೊಂಡೇ. ಆಮೇಲೆ ಹೇಳಿದ್ರು, "ಇದು ಒಳಗೆ ಟೊಳ್ಳು ಕಣಮ್ಮಾ. ಒಳಗೆ ಮಣ್ಣಿನ ಗಟ್ಟಿ ಇಟ್ಟು, ಅದರ ಮೇಲೆ ಮೇಣದಲ್ಲಿ ಮಾಡಿ, ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಸಂದೀಲಿ ಲೋಹ ಹೊಯ್ದಿರೋದು. ಇಲ್ಲಿ ನೋಡು ಅರ ಹಾಕಿರೋ ಗುರುತು. ಇದನ್ನ ಮಾಡಿದೋನಿಗೆ ಅವಸರ ಇರ್ಲಿಲ್ಲ." ನಲವತ್ತು ವರ್ಷ ಕಣ್ಣಿಗೆ ಮಸೂರ ಸಿಕ್ಕಿಸ್ಕೊಂಡು ವಾಚಿನೊಳಗಿನ ಕೂದಲೆಳೆಯಂಥ ಹೇರ್ ಸ್ಪ್ರಿಂಗ್ ಜೋಡಿಸಿದ ಮನುಷ್ಯ ಅವರು, ಕೈಕೆಲಸ ಅಂದ್ರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾವ ಕಲಾ ವಿಮರ್ಶಕರಿಗೆ ಗೊತ್ತಿರತ್ತೆ? ಅವತ್ತಿಂದ ನಾನು "ನಮ್ಮ ಜನಕ್ಕೆ ಮಾಡರ್ನ್ ಆರ್ಟ್ ಅರ್ಥ ಆಗಲ್ಲ" ಅನ್ನೋರ ಜೊತೆ ವಾದ ಮಾಡೋದನ್ನ ಬಿಟ್ಟಿದೀನಿ, ಅವರ ಜೊತೆ ಮಾತಾಡೋ ಬದಲು ಜನರನ್ನೇ ಕರ್ಕೊಂಡು ಹೋಗೋದು ಒಳ್ಳೇದು ಅಂತ.

ಹಂಗೇ ಹೋದ ವರ್ಷ ಎಂಟನೇ ಕ್ಲಾಸಿನ 34 ಮಕ್ಕಳನ್ನ ಕರ್ಕೊಂಡು ಹೋದೆ. ಟೂರ್ ಅಂದ್ರೆ ನಮ್ಮಲ್ಲಿ ಗೊತ್ತಲ್ಲ, ವಿಧಾನಸೌಧದ ಮುಂದೆ ಒಂದು ಫೋಟೋ, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ, ಲಾಲ್‌ಬಾಗು, ವಾಪಸ್ಸು. ಅದರಲ್ಲಿ ತಪ್ಪೇನಿಲ್ಲ, ವಿಶ್ವೇಶ್ವರಯ್ಯ ಮ್ಯೂಸಿಯಂ ಮಕ್ಕಳಿಗೆ ಸ್ವರ್ಗ. ಆದ್ರೆ ಚಿತ್ರ ಅನ್ನೋದು ಟೂರಿನ ಪಟ್ಟಿಲೇ ಇರಲ್ಲ ಯಾಕೆ? ಹೆಡ್‌ಮಾಸ್ಟರ್ ಪರ್ಮಿಷನ್, ಪೋಷಕರ ಸಹಿ, ಎರಡು ಬಿಎಂಟಿಸಿ ಬಸ್ಸು, ಇನ್ನೊಬ್ಬ ಟೀಚರ್ ಜೊತೆಗೆ, ಅಷ್ಟೇ ತಯಾರಿ. ನಾವು ಹೋದಾಗ ದೊಡ್ಡೋರಿಗೆ 20 ರೂಪಾಯಿ ಟಿಕೆಟ್ಟು, ಸ್ಕೂಲ್ ಮಕ್ಕಳಿಗೆ ಫ್ರೀ. ಒಂದು ಪ್ಲೇಟ್ ಗೋಬಿ ಮಂಚೂರಿಗಿಂತ ಕಮ್ಮಿ.

ಮೊದಲು ಬಂದ ಪ್ರಶ್ನೆ "ಮಿಸ್, ಇಲ್ಲಿ ಯಾಕೆ ಕತ್ಲು?" ಅಂತ. ಒಳ್ಳೇ ಪ್ರಶ್ನೆ. ಕಾಗದದ ಮೇಲೆ ಬರೆದ ಜಲವರ್ಣ ಬೆಳಕಿಗೆ ಮಾಸಿಹೋಗತ್ತೆ, ಹೋದ ಬಣ್ಣ ಮತ್ತೆ ಬರಲ್ಲ, ಅದಕ್ಕೇ ಪ್ರಪಂಚದ ಬಹಳಷ್ಟು ಮ್ಯೂಸಿಯಂಗಳಲ್ಲಿ ಇಂಥ ಚಿತ್ರಕ್ಕೆ ಸುಮಾರು 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಬೆಳಕು ಸಾಕು ಅಂತ ಇಟ್ಕೊಂಡಿದಾರೆ, ನಮ್ಮ ಕ್ಲಾಸ್ ರೂಮಲ್ಲಿ ಕಿಟಕಿ ಪಕ್ಕ ಅದರ ಹತ್ತಾರು ಪಟ್ಟು ಇರತ್ತೆ. ಊರಲ್ಲಿ ಅಜ್ಜಿ ಮದುವೆ ಸೀರೇನ ಬಿಸಿಲಿಗೆ ಹಾಕದೇ ನೆರಳಲ್ಲಿ ಒಣಗಿಸ್ತಾರಲ್ಲ ಅದೇ ಲೆಕ್ಕ ಅಂದೆ, ತಕ್ಷಣ ಅರ್ಥ ಆಯ್ತು. ಮುಟ್ಟಬಾರದು ಅನ್ನೋದಕ್ಕೂ ಕಾರಣ ಹೇಳಿದೆ, ಕೈ ಬೆವರಲ್ಲಿ ಉಪ್ಪು ಎಣ್ಣೆ ಎರಡೂ ಇರತ್ತೆ, ಒಬ್ಬರು ಮುಟ್ಟಿದ್ರೆ ಏನೂ ಆಗಲ್ಲ, ಹತ್ತು ಸಾವಿರ ಜನ ಮುಟ್ಟಿದ್ರೆ ಲೋಹ ಕಪ್ಪಾಗತ್ತೆ, ಬಣ್ಣ ಏಳತ್ತೆ. ಕಾರಣ ಹೇಳಿದ್ರೆ ಮಕ್ಕಳು ಮುಟ್ಟಲ್ಲ. ಮುಟ್ಟಬೇಡ ಅಂತ ಬರೀ ಗದರಿದ್ರೆ ಮಾತ್ರ ಮುಟ್ತಾರೆ.

ಅಲ್ಲೇ ಹಳೇ ಮನೆಗೂ ಹೊಸ ಬ್ಲಾಕಿಗೂ ಇರೋ ವ್ಯತ್ಯಾಸ ತೋರಿಸಿದೆ. ಹಳೇ ಬಂಗಲೆ ಅಂದ್ರೆ ಕಿಟಕಿ, ಬಾಗಿಲು ಜಾಸ್ತಿ, ಗಾಳಿ ಆಡಬೇಕಲ್ಲ, ಹಂಗಾಗಿ ಚಿತ್ರ ನೇತಾಕೋಕೆ ಗೋಡೆ ಕಮ್ಮಿ. ಆ ಕಾಲದ ಗಾರೆ ಗೋಡೆಗಳು ಮಳೆಗಾಲದಲ್ಲಿ ಪಸೆ ಎಳ್ಕೊಂಡು ಬೇಸಿಗೆಲಿ ಬಿಡ್ತಾವೆ, ಅದರ ಮೇಲೆ ಸಿಮೆಂಟ್ ಬಳಿದ್ರೆ ಪಸೆ ಒಳಗೇ ಸಿಕ್ಕಿಹಾಕ್ಕೊಂಡು ಗೋಡೆ ಉದುರತ್ತೆ. ಗೋಡೆಗೆ ಪಸೆ ಹೋಗಿ ಬರ್ತಿರಬೇಕು, ಚಿತ್ರಕ್ಕೆ ಪಸೆ ಒಂದೇ ಸಮ ಇರಬೇಕು, ಎರಡಕ್ಕೂ ಹೊಂದಲ್ಲ. ಹಳೇ ಕಟ್ಟಡದಲ್ಲಿ ಮ್ಯೂಸಿಯಂ ಮಾಡೋರ ದೊಡ್ಡ ತಲೆನೋವೇ ಇದು, ಇಲ್ಲಿ ಹಿಂದೆ ಹೊಸ ಬ್ಲಾಕ್ ಬೇಕಾಗಿದ್ದೂ ದೊಡ್ಡ ಗೋಡೆ, ಹತೋಟಿಲಿರೋ ಗಾಳಿ ಬೆಳಕು ಬೇಕು ಅಂತ. ಆದ್ರೂ ನನಗೆ ಹಳೇ ರೂಮುಗಳೇ ಇಷ್ಟ. ಅಲ್ಲಿ ಒಂದು ರೂಮಿಂದ ಇನ್ನೊಂದಕ್ಕೆ ಹೋಗೋವಾಗ ಯಾರದೋ ಮನೆಗೆ ಹೋಗಿದೀವಿ ಅನ್ನೋ ಸಣ್ಣ ಸಂಕೋಚ ಇರತ್ತಲ್ಲ, ಮಕ್ಕಳು ತಾವಾಗೇ ದನಿ ತಗ್ಗಿಸಿದ್ರು, ನಾನು ಶ್ ಅಂತ ಒಂದು ಸಲಾನೂ ಅನ್ನಬೇಕಾಗ್ಲಿಲ್ಲ.

ಬಂಗಾಳದ ಚಿತ್ರಕಾರ ಜಾಮಿನಿ ರಾಯ್ ಅವರ ಚಿತ್ರದ ಮುಂದೆ ಸಾಗರದ ಕಡೆಯ ಒಬ್ಬಳು ಹುಡುಗಿ "ಮಿಸ್ ಇದು ನಮ್ಮಜ್ಜಿ ಬರೆಯೋ ಥರಾನೇ ಇದೆ" ಅಂದ್ಲು. ಆಮೇಲೆ ಕೇಳಿದ್ರೆ ಅವರ ಮನೇಲಿ ಮದುವೆಗೆ ಹಸೆ ಚಿತ್ತಾರ ಬರೀತಾರಂತೆ, ಕೆಮ್ಮಣ್ಣು ಸಾರಿಸಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಎರಡೂ ಒಂದೇ ಅಲ್ಲ, ಚಿತ್ತಾರದಲ್ಲಿ ಗೆರೆ ನೆಟ್ಟಗೆ, ರಾಯ್ ಗೆರೆ ದುಂಡಗೆ. ಆದ್ರೆ ಅವಳು ಹೇಳಿದ್ದು ಸರೀನೇ. ಜಾಮಿನಿ ರಾಯ್ ಕಲ್ಕತ್ತಾದ ಆರ್ಟ್ ಸ್ಕೂಲಲ್ಲಿ ಯುರೋಪಿನ ಥರ ಎಣ್ಣೆ ಬಣ್ಣ ಕಲಿತೋರು, ಚೆನ್ನಾಗಿ ಸಂಪಾದನೆ ಆಗೋ ಪೋರ್ಟ್ರೇಟ್ ಕೆಲಸ ಬಿಟ್ಟು ಹಳ್ಳಿಯ ಪಟಚಿತ್ರ ಬರೆಯೋರ ಕಡೆ ತಿರುಗಿ ಮಣ್ಣು, ಕಲ್ಲು, ಕಾಡಿಗೆ ಬಣ್ಣಕ್ಕೆ ಬಂದೋರು. ಇಷ್ಟು ಹೇಳಿದ್ದೇ ತಡ, ಆ ಹುಡುಗಿ ಉಳಿದೋರಿಗೆಲ್ಲಾ ಕೆಮ್ಮಣ್ಣು ಹೆಂಗೆ ಅರೀತಾರೆ ಅಂತ ಪಾಠ ಶುರು ಮಾಡಿದ್ಲು. ಕ್ಲಾಸಲ್ಲಿ ಹಾಜರಿ ಹೇಳೋಕೂ ಬಾಯಿ ಬಿಡದ ಹುಡುಗಿ ಅವಳು.

ಆದ್ರೆ ನನ್ನನ್ನ ನಿಜವಾಗ್ಲೂ ಬದಲಾಯಿಸಿದ್ದು ಟಾಗೋರರ ಚಿತ್ರಗಳು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕನ್ನಡ ಟೀಚರ್ ಆಗಿ ನಾನು ವರ್ಷಗಟ್ಟಲೆ ಹೇಳ್ಕೊಂಡು ಬಂದಿರೋ ಮಾತು ಒಂದೇ, ಚಿತ್ತು ಮಾಡಬೇಡಿ, ಚಿತ್ತಿಲ್ಲದೇ ಬರೀರಿ. ಚಿತ್ತು ಇದ್ರೆ ಒಂದು ಮಾರ್ಕ್ ಕಟ್ ಮಾಡ್ತಿದ್ದೆ. ಆ ಗೋಡೆ ಮೇಲೆ ರವೀಂದ್ರನಾಥ ಟಾಗೋರರ ಚಿತ್ರ ಇತ್ತು, ಅರ್ಧ ಹಕ್ಕಿ ಅರ್ಧ ಇನ್ನೇನೋ, ಕಪ್ಪು ಕಪ್ಪಾಗಿ. ಒಬ್ಬ ಹುಡುಗ, ಅವನ ನೋಟ್ಸಲ್ಲಿ ಪುಟಕ್ಕೆ ಹತ್ತು ಚಿತ್ತು, "ಮಿಸ್ ಇವರೂ ಚಿತ್ತು ಮಾಡಿದಾರೆ" ಅಂದ. ಎಲ್ಲಾ ನಕ್ಕರು. ಅವನು ಹೇಳಿದ್ದು ಅಕ್ಷರಶಃ ನಿಜ! ಟಾಗೋರರು ಕವಿತೆ ಬರೆಯೋವಾಗ ಬೇಡ ಅನ್ನಿಸಿದ ಪದಗಳನ್ನ ಹೊಡೆದು ಹಾಕ್ತಿದ್ರು, ಆ ಚಿತ್ತುಗಳು ಪುಟದಲ್ಲಿ ಅಲ್ಲೊಂದು ಇಲ್ಲೊಂದು ಅನಾಥವಾಗಿ ಬಿದ್ದಿರೋದು ಅವರಿಗೆ ಸಹಿಸೋಕಾಗ್ತಿರ್ಲಿಲ್ಲ, ಒಂದಕ್ಕೊಂದು ಗೆರೆ ಎಳೆದು ಸೇರಿಸ್ತಾ ಸೇರಿಸ್ತಾ ಅದು ಹಕ್ಕಿಯಾಗೋದು, ಮೃಗವಾಗೋದು, ಮುಖವಾಗೋದು. ಅವರ ಚಿತ್ರಕಲೆ ಶುರುವಾಗಿದ್ದೇ ಚಿತ್ತಿಂದ. ಅರವತ್ತು ದಾಟಿದ ಮೇಲೆ ಕೈಗೆತ್ತಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಬರೆದ್ರು, ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್‌ಲಿ ಆಯ್ತು. ಇನ್ನೊಂದು ವಿಷಯ, ಇದೇ ಅರಮನೆ ರಸ್ತೆಲಿರೋ ಬಾಲಬ್ರೂಯಿ ಗೆಸ್ಟ್ ಹೌಸಲ್ಲಿ ಟಾಗೋರರು ಉಳ್ಕೊಂಡಿದ್ರು, 1928ರಲ್ಲಿ ಬೆಂಗಳೂರಿಗೆ ಬಂದಾಗ, ಅವರು ಚಿತ್ರದಲ್ಲಿ ಮುಳುಗಿದ್ದ ಕಾಲ ಅದು. ಅವರು ಇದ್ದ ರಸ್ತೆಲೇ ಅವರ ಚಿತ್ರ ಇದೆ ಮಕ್ಕಳೇ ಅಂದೆ. ಆ ಹುಡುಗ ಬಹಳ ಹೊತ್ತು ಅಲ್ಲೇ ನಿಂತಿದ್ದ. ಈಗ ನಾನು ಚಿತ್ತಿಗೆ ಮಾರ್ಕ್ ಕಟ್ ಮಾಡಲ್ಲ.

ನಮ್ಮೋರು ಅಂತ ಹೆಮ್ಮೆಯಿಂದ ತೋರಿಸೋಕೂ ಅಲ್ಲಿ ದಾರಿ ಇದೆ. ಕೆ. ವೆಂಕಟಪ್ಪ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನ ಕಲ್ಕತ್ತಾಕ್ಕೆ ಕಳಿಸಿದ್ರು, ಅಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯ ಆದ್ರು, ವಾಪಸ್ ಬಂದು ಊಟಿ, ಕೊಡೈಕೆನಾಲಿನ ಮಂಜು ಮಳೆನೆಲ್ಲಾ ಜಲವರ್ಣದಲ್ಲಿ ಹಿಡಿದ್ರು, ವೀಣೆ ಶೇಷಣ್ಣನವರ ಹತ್ರ ವೀಣೆ ಕಲಿತ್ರು. ಹುಟ್ಟಿದ್ದು 1886, ಹೋಗಿದ್ದು 1965. ಉಡುಪಿ ಹತ್ರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್, ಒಂದೇ ಗೆರೆಲಿ ಕುಣಿಯೋರ ಕಾಲು ಕೈ ಎಲ್ಲಾ ಬರೆದುಬಿಡ್ತಿದ್ದೋರು. ಅಷ್ಟು ಹಿಂದಕ್ಕೂ ಹೋಗೋದು ಬೇಡ, 1941ರಲ್ಲಿ ಮೈಸೂರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅವರ ಐವತ್ತು ವರ್ಷಗಳ ಕೆಲಸದ ಪ್ರದರ್ಶನ 2018ರಲ್ಲಿ ಇದೇ ಮನೇಲಿ ಆಯ್ತು. ಎಣ್ಣೆ ಬಣ್ಣ ಅಷ್ಟೇ ಅಲ್ಲ, ತಾಮ್ರದ ತಗಡಿನ ಮೇಲೆ ಉಬ್ಬು ಕೆಲಸ ಇತ್ತು, ಸುಬ್ಬರಾಯಲು ಅನ್ನೋ ನೇಕಾರರ ಜೊತೆ ಸೇರಿ ರೇಷ್ಮೆಲಿ ನೇಯಿಸಿದ ಚಿತ್ರಗಳೂ ಇದ್ವು, ಒಂದೇ ಮರ ಮತ್ತೆ ಮತ್ತೆ ಬರ್ತಾ ಬರ್ತಾ ಬೇರೆ ಬೇರೆ ಆಗೋದು. ಈ ಕಾಲದ ಕಲೆ ಅಂದ್ರೆ ಎಲ್ಲೋ ನ್ಯೂಯಾರ್ಕಲ್ಲಿ ಆಗೋದಲ್ಲ, ಮಗ್ಗದ ಮುಂದೆ ಕೂತ ಮನುಷ್ಯನ ಕೈಲೂ ಆಗತ್ತೆ.

ಹಳೇ ಕಟ್ಟಡಕ್ಕೆ ಹೊಸ ಚಿತ್ರ ತಂದಿಡೋದು ನಮ್ಮ ಊರಿನ ಹೊಸ ಐಡಿಯಾ ಏನಲ್ಲ. ದೆಹಲಿಲಿ ಇದೇ ಗ್ಯಾಲರಿ 1954ರಲ್ಲಿ ಶುರುವಾಗಿದ್ದು ಜೈಪುರದ ಮಹಾರಾಜರಿಗೆ ಅಂತ ಕಟ್ಟಿದ ಜೈಪುರ್ ಹೌಸಲ್ಲಿ, ಮುಂಬೈಲಿ 1996ರಲ್ಲಿ ಶುರುವಾಗಿದ್ದು ಕಾವಸ್‌ಜಿ ಜಹಾಂಗೀರ್ ಹಾಲಲ್ಲಿ, ಅದು 1911ರದ್ದು. ಪ್ಯಾರಿಸ್‌ಲಿ ರೈಲ್ವೆ ಸ್ಟೇಷನ್ ಮ್ಯೂಸಿಯಂ ಆಯ್ತು, ಲಂಡನ್‌ಲಿ ಕರೆಂಟ್ ತಯಾರಿಸೋ ಕಾರ್ಖಾನೇನೇ ಮ್ಯೂಸಿಯಂ ಆಯ್ತು. ರಾಜರ ಮನೆ, ಸಾಹುಕಾರರ ಮನೆ, ಕಂಪನಿ ಆಸ್ತಿ, ಇದೆಲ್ಲಾ ಆಗಿ ಕೊನೆಗೆ ಜನರ ಕೈಗೆ ಬಂದ ಮನೆ ನಮ್ಮದು. ನಮ್ಮ ಹುಡುಗಿ ಒಬ್ಬಳು, ಮನೆಗೆಲಸದ ತಾಯಿಯ ಮಗಳು, ಮೇಲಿನ ರೂಮಿನ ಕಿಟಕಿ ಹತ್ರ ನಿಂತು "ಮಿಸ್, ಮೊದಲಾಗಿದ್ರೆ ನಮ್ಮನ್ನ ಇಲ್ಲಿ ತನಕ ಬಿಡ್ತಿದ್ರಾ?" ಅಂದ್ಲು. ಬಿಡ್ತಿರ್ಲಿಲ್ಲ ಕಂದಾ ಅಂದೆ. ಕಿಟಕಿ ಕಟ್ಟೆ ಮೇಲೆ ಕೈ ಇಟ್ಕೊಂಡು ತೋಟ ನೋಡ್ತಾ ನಿಂತ್ಲು ಅವಳು, ನಾನು ಅವಸರ ಮಾಡ್ಲಿಲ್ಲ.

ಗ್ಯಾಲರಿ ನಡೆಸೋರಿಗೆ, ಸಂಸ್ಕೃತಿ ಇಲಾಖೆಯೋರಿಗೆ ಕೂಡ ಈ ಪತ್ರದಲ್ಲೇ ನಾಲ್ಕು ಮಾತು ಕೇಳ್ತೀನಿ. ವಾರಕ್ಕೆ ಒಂದಿನ ಆದ್ರೂ ಕನ್ನಡದಲ್ಲಿ ಚಿತ್ರ ತೋರಿಸಿ ಮಾತಾಡೋ ಮನುಷ್ಯರು ಖಾಯಂ ಇರ್ಲಿ, ನಮ್ಮ ಕೆನ್ ಕಲಾಶಾಲೆ, ಚಿತ್ರಕಲಾ ಪರಿಷತ್ತು, ಮೈಸೂರಿನ ಸರ್ಕಾರಿ ಕಲಾ ಕಾಲೇಜು ಕಾವಾದಲ್ಲಿ ಕಲಿತ ಹುಡುಗರು ಹುಡುಗೀರು ಎಷ್ಟೋ ಜನ ಇದಾರೆ, ಅವರಿಗೆ ಸಂಬಳ ಕೊಟ್ಟು ಈ ಕೆಲಸ ಕೊಡಿ. ಸರ್ಕಾರಿ ಶಾಲೆಗಳಿಗೆ ಕನ್ನಡದಲ್ಲಿ ಆಹ್ವಾನ ಕಳಿಸಿ, ಒಂದು ಕಾಗದ ಬಂದ್ರೆ ಹೆಡ್‌ಮಾಸ್ಟರ್ ಪರ್ಮಿಷನ್ ಕೊಡೋದು ಎಷ್ಟು ಸುಲಭ ಆಗತ್ತೆ ಅಂತ ನಮಗೆ ಗೊತ್ತು. ಆ ಮನೆ ಕಥೇನ, ಗಣಿಯಿಂದ ಗಡಿಯಾರದ ತನಕ, ಪೋರ್ಟಿಕೋದಲ್ಲೇ ದೊಡ್ಡದಾಗಿ ಕನ್ನಡದಲ್ಲಿ ಹೇಳಿ, ಮಕ್ಕಳು ಚಿತ್ರಕ್ಕಿಂತ ಮೊದಲು ಕೇಳೋದು "ಇದು ಯಾರ ಮನೆ" ಅಂತಾನೇ. ಮತ್ತೆ ಇಲ್ಲಿ ಏನು ತೋರಿಸಬೇಕು ಅನ್ನೋದ್ರಲ್ಲಿ ಇಲ್ಲಿನ ಕಲಾವಿದರ ಮಾತಿಗೆ ಬೆಲೆ ಇರ್ಲಿ. 2019ರ ಫೆಬ್ರವರಿಲಿ ನಟ ಅಮೋಲ್ ಪಾಲೇಕರ್ ಮುಂಬೈ ಗ್ಯಾಲರಿಲಿ ಮಾತಾಡ್ತಾ, ಮುಂಬೈ ಮತ್ತೆ ಬೆಂಗಳೂರಿನ ಸ್ಥಳೀಯ ಕಲಾವಿದರ ಸಲಹಾ ಸಮಿತಿಗಳು ಇಲ್ಲದಂತಾಗಿವೆ ಅಂತ ಪ್ರಶ್ನೆ ಎತ್ತಿದ್ರು, ವೇದಿಕೆ ಮೇಲೇ ಅವರ ಮಾತಿಗೆ ಅಡ್ಡ ಬಂದ್ರು, ದೇಶಕ್ಕೆಲ್ಲಾ ಸುದ್ದಿ ಆಯ್ತು. ಆ ಪ್ರಶ್ನೆ ಬೆಂಗಳೂರಿನ ನಮಗೂ ಸೇರಿದ್ದು.

ಆದ್ರೆ ನಾನು ಈ ಪತ್ರ ದೆಹಲಿಗೆ ಬರೀದೇ ನಿಮಗೆ ಬರೀತಿರೋದಕ್ಕೆ ಕಾರಣ ಇದೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿನ ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡೋ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದ್ರು, ಗ್ಯಾಲರಿ ಮುಂದೆ ಸೇರಿ ಚಿತ್ರ ಬರೆದ್ರು, ಹಾಡಿದ್ರು, ಕೊನೆಗೆ ಒಪ್ಪಂದ ಮುಂದಕ್ಕೆ ಹೋಗ್ಲಿಲ್ಲ. ಅವರಿಗೆ ಆ ಜಾಗ ನಮ್ಮದು ಅನ್ನಿಸಿತ್ತು, ಯಾಕಂದ್ರೆ ಅವರು ದಿನಾ ಅಲ್ಲಿ ಓಡಾಡಿದೋರು, ಅಲ್ಲೇ ತಮ್ಮ ಮೊದಲ ಪ್ರದರ್ಶನ ಮಾಡಿದೋರು. ಓಡಾಡದ ಜಾಗದ ಬಗ್ಗೆ ಯಾರಿಗೂ ನೋವಾಗಲ್ಲ. ನಾಳೆ ಮಾಣಿಕ್ಯವೇಲು ಮ್ಯಾನ್ಷನ್ ಮರ ಕಡೀತೀವಿ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನೋಕೆ ಆ ಮರದ ಕೆಳಗೆ ಬುತ್ತಿ ಬಿಚ್ಚಿ ಊಟ ಮಾಡಿದ ಮಕ್ಕಳು ಬೇಕು.

ಟೀಚರ್‌ಗಳಿಗೆ ಕೆಲವು ಮಾತು, ನಾನು ಕಲಿತಿದ್ದು. ಒಂದೇ ದಿನ ಎಲ್ಲಾ ತೋರಿಸೋಕೆ ಹೋಗಬೇಡಿ, ಮಕ್ಕಳಿಗೆ ಸುಸ್ತಾಗತ್ತೆ, ನಾಲ್ಕೈದು ಚಿತ್ರದ ಮುಂದೆ ಚೆನ್ನಾಗಿ ನಿಲ್ಲಿಸಿ ಸಾಕು. ಇದರ ಅರ್ಥ ಏನು ಅಂತ ಕೇಳಬೇಡಿ, ಏನು ಕಾಣ್ತಿದೆ ಅಂತ ಕೇಳಿ, ಅರ್ಥ ಅಂದ ತಕ್ಷಣ ಮಕ್ಕಳು ಗೈಡ್ ಬುಕ್ಕಿನ ಉತ್ತರ ಹುಡುಕ್ತಾರೆ, ಕಾಣೋದು ಅಂದ್ರೆ ಬಾಯಿ ತುಂಬಾ ಮಾತಾಡ್ತಾರೆ. ನೀವು ಹೋಗೋ ದಿನ ಯಾವ ಪ್ರದರ್ಶನ ಇದೆ ಅಂತ ಮೊದಲೇ ಫೋನ್ ಮಾಡಿ ಕೇಳ್ಕೊಳ್ಳಿ, ಚಿತ್ರಗಳನ್ನ ಬದಲಾಯಿಸ್ತಿರ್ತಾರೆ, ನಾನು ಹೇಳಿದ ಜಾಮಿನಿ ರಾಯ್, ಟಾಗೋರ್ ಅವತ್ತೇ ಗೋಡೆ ಮೇಲೆ ಇರ್ತಾರೆ ಅಂತ ಇಲ್ಲ. ಹೋಗೋಕೆ ಮುಂಚೆ ಕ್ಲಾಸಲ್ಲಿ ಒಂದು ಚಿತ್ರ ತೋರಿಸಿ ಮಾತಾಡಿ, ನಾನು ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಒಂದು ಚಿತ್ರದ ಪ್ರಿಂಟ್ ಒಯ್ದಿದ್ದೆ, 1937ರದ್ದು, ನಮ್ಮ ದಕ್ಷಿಣದ ಹಳ್ಳಿಯೋರು ಸಂತೆಗೆ ಹೊರಟಿರೋದು. ಅಜಂತಾ ನೋಡಿಕೊಂಡು ದಕ್ಷಿಣದ ತುದಿ ತನಕ ಬಂದು ಹೋದ ಮೇಲೆ ಬರೆದಿದ್ದು, ಆವಾಗ ಅವರಿಗೆ 24, ಇನ್ನು ನಾಲ್ಕು ವರ್ಷಕ್ಕೆ ತೀರಿಕೊಂಡ್ರು. ಯಾರ ಮುಖದಲ್ಲೂ ನಗು ಇಲ್ಲ ಯಾಕೆ ಅಂತ ಮಕ್ಕಳು ಒಂದು ಪೀರಿಯಡ್ ಪೂರ್ತಿ ಜಗಳ ಆಡಿದ್ರು, ಗ್ಯಾಲರಿಗೆ ಹೋಗೋ ಹೊತ್ತಿಗೆ ಅವರ ಕಣ್ಣು ಆಗಲೇ ತೆರೆದಿತ್ತು.

ಅಪ್ಪ ಅಮ್ಮಂದಿರೇ, ನಿಮಗೆ ಇಷ್ಟೆಲ್ಲಾ ತಯಾರಿನೂ ಬೇಡ. ಮಗು ಕೈ ಹಿಡ್ಕೊಂಡು ಹೋಗಿ. ಮನೇಲಿ ವಯಸ್ಸಾದೋರು ಇದ್ರೆ ಅವರನ್ನೂ ಕರ್ಕೊಂಡು ಹೋಗಿ, ಬಡಗಿ ಕೆಲಸ ಮಾಡಿದೋರು, ಟೈಲರಿಂಗ್ ಮಾಡಿದೋರು, ಮಗ್ಗ ಹಿಡಿದೋರು, ಪ್ರೆಸ್ಸಲ್ಲಿ ಅಕ್ಷರ ಜೋಡಿಸಿದೋರು ಇದ್ರೆ ಅವರನ್ನ ಮೊದಲು ಕರ್ಕೊಂಡು ಹೋಗಿ, ಅವರಿಗೆ ಕಾಣೋದು ನಮಗೆ ಕಾಣಲ್ಲ. ನಿಮಗೆ ಒಂದು ಚಿತ್ರ ಇಷ್ಟ ಆಗ್ಲಿಲ್ಲ ಅಂದ್ರೆ ಮಗು ಮುಂದೆ ಹಂಗೇ ಹೇಳಿ, ಇದು ನನಗೆ ಇಷ್ಟ ಆಗ್ಲಿಲ್ಲ, ನಿಂಗೆ? ಅಂತ. ಇಷ್ಟ ಆಗ್ಲಿಲ್ಲ ಅಂತ ಹೇಳೋ ಹಕ್ಕೂ ಆ 20 ರೂಪಾಯಿಲಿ ಸೇರಿದೆ.

ನಮ್ಮ ಶಾಲೆಯಿಂದ ಈ ಸಲ ಒಂಬತ್ತನೇ ಕ್ಲಾಸಿನೋರು ಹೋಗ್ತಿದೀವಿ, ಚಿತ್ರಸಂತೆ ಆದ ಮುಂದಿನ ಶನಿವಾರ ಬೆಳಗ್ಗೆ. ನಮ್ಮಪ್ಪನೂ ಬರ್ತಾರೆ, ಕಂಚು ಎರಕ ಹೆಂಗೆ ಹೊಯ್ತಾರೆ ಅಂತ ಮಕ್ಕಳಿಗೆ ಹೇಳೋಕೆ ಒಪ್ಕೊಂಡಿದಾರೆ, ಮನೇಲಿ ಮೇಣದ ಬತ್ತಿ ಕರಗಿಸಿ ಪ್ರಾಕ್ಟೀಸ್ ಬೇರೆ ನಡೀತಿದೆ. ಬೇರೆ ಶಾಲೆಯೋರು ಯಾರಾದ್ರೂ ಅದೇ ದಿನ ಬಂದ್ರೆ ಮರದ ಕೆಳಗೆ ಒಟ್ಟಿಗೆ ಊಟ ಮಾಡಬಹುದು, ಚಿತ್ರಾನ್ನ ನಾವು ತರ್ತೀವಿ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ಗ್ಯಾಲರಿಗೆ ರಜಾ.

ಇಂತಿ,
ಒಬ್ಬ ಕನ್ನಡ ಟೀಚರ್